ಶಾಲೆಗೆ ಹೋಗದ ಶಿಕ್ಷಣ ಮಂತ್ರಿ

ಬಂಗಾಳದ ಖರಗಪುರದ ಬಳಿ ಹಿಜ್ಲಿ ಎಂಬಲ್ಲಿ ಬ್ರಿಟಿಷರು ರಾಜಕೀಯ ಬಂದಿಗಳನ್ನು ಕೂಡಿಹಾಕುತ್ತಿದ್ದ ಒಂದು ಶಿಬಿರವಿತ್ತು. 1931ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕಾವಲುಗಾರರ ಗುಂಡಿಗೆ ಇಬ್ಬರು ಯುವಕರು ಬಲಿಯಾದರು. ಇಪ್ಪತ್ತು ವರ್ಷಗಳ ನಂತರ, 1951ರ ಆಗಸ್ಟ್ 18ರಂದು, ಅದೇ ಕಟ್ಟಡದಲ್ಲಿ ದೇಶದ ಮೊದಲ ಐಐಟಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಉದ್ಘಾಟಿಸಿದ ಶಿಕ್ಷಣ ಮಂತ್ರಿ ಮೌಲಾನಾ ಅಬುಲ್ ಕಲಾಂ ಆಜಾದ್ ಕೂಡ ಬ್ರಿಟಿಷರ ಸೆರೆಯಲ್ಲಿ ವರ್ಷಗಟ್ಟಲೆ ಕಳೆದವರೇ.

ಇನ್ನೊಂದು ವಿಶೇಷವಿದೆ. ಈ ಮಂತ್ರಿ ಶಾಲೆ, ಕಾಲೇಜುಗಳಲ್ಲಿ ಓದಿದವರಲ್ಲ. 1888ರಲ್ಲಿ ಮೆಕ್ಕಾದಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದ ಆಜಾದರಿಗೆ ತಂದೆ ಮತ್ತು ಮನೆಗೆ ಬರುತ್ತಿದ್ದ ಮೇಷ್ಟ್ರುಗಳೇ ಪಾಠ ಹೇಳಿದರು. ಅರಬ್ಬಿ, ಪಾರಸಿ, ತರ್ಕ, ಗಣಿತ, ಧರ್ಮಶಾಸ್ತ್ರ ಎಲ್ಲವೂ ಹಳೆಯ ಪದ್ಧತಿಯದು. ಸರ್ ಸೈಯದ್ ಅಹ್ಮದ್ ಖಾನರ ಬರಹಗಳನ್ನು ಓದಿದ ಮೇಲೆ ಈ ಕಲಿಕೆ ಸಾಲದು ಅನ್ನಿಸಿತು. ಇಂಗ್ಲಿಷಿನ ಅಕ್ಷರಗಳನ್ನು ಒಬ್ಬರಿಂದ ಹೇಳಿಸಿಕೊಂಡು, ಮುಂದಿನದನ್ನು ನಿಘಂಟು ಹಿಡಿದು ತಾವೇ ಕಲಿತರು. ತಮಗೆ ಸಿಗದೇ ಹೋದದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1947ರ ಜನವರಿಯಲ್ಲಿ, ಮಧ್ಯಂತರ ಸರ್ಕಾರದಲ್ಲಿ, ಶಿಕ್ಷಣ ಖಾತೆ ಅವರ ಕೈಗೆ ಬಂತು. 1958ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಬಳಿಯೇ ಇತ್ತು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಎಲ್ಲಿಂದ ಶುರು ಮಾಡಬೇಕು? ಬುಡದಿಂದಲೋ, ತುದಿಯಿಂದಲೋ?

ತುದಿಯ ಕೆಲಸ ಬೇಗ ಸಾಗಿತು. 1948ರಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ರಚನೆಯಾಯಿತು. ಹಿಂದೊಮ್ಮೆ ಮೈಸೂರು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಬೋಧಿಸಿದವರು ಇವರು. 1953ರ ಡಿಸೆಂಬರ್‌ನಲ್ಲಿ ಆಜಾದರು ಯುಜಿಸಿಯನ್ನು ಉದ್ಘಾಟಿಸಿದರು. 1956ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ದೇಶದ ನಾಲ್ಕು ದಿಕ್ಕಿಗೂ ಉನ್ನತ ತಾಂತ್ರಿಕ ಸಂಸ್ಥೆ ಬೇಕೆಂದು ಸ್ವಾತಂತ್ರ್ಯಕ್ಕೆ ಮೊದಲೇ ನಳಿನಿ ರಂಜನ್ ಸರ್ಕಾರ್ ಸಮಿತಿ ಹೇಳಿತ್ತು. ಆ ಕಲ್ಪನೆ ಆಜಾದರದಲ್ಲ. ಆದರೆ ಕಾಗದದಲ್ಲಿದ್ದದ್ದು ಹಿಜ್ಲಿಯ ನೆಲಕ್ಕೆ ಇಳಿದದ್ದು ಅವರ ಕಾಲದಲ್ಲಿ. 1952ರಲ್ಲಿ ನೇಮಕವಾದ ಮುದಲಿಯಾರ್ ಆಯೋಗ ಪ್ರೌಢಶಾಲೆಗಳತ್ತ ನೋಡಿತು. ಮಕ್ಕಳು ಕೈಕೆಲಸವನ್ನೂ ಕಲಿಯುವ ವಿವಿಧೋದ್ದೇಶ ಶಾಲೆಗಳನ್ನು ಸೂಚಿಸಿತು.

ಶಿಕ್ಷಣವೆಂದರೆ ತರಗತಿಯಷ್ಟೇ ಅಲ್ಲ ಎಂಬ ನಂಬಿಕೆಯೂ ಅವರಲ್ಲಿತ್ತು. ಸ್ವತಃ ಸಿತಾರ್ ಕಲಿತವರು. ಅಹಮದ್‌ನಗರದ ಕೋಟೆಯಲ್ಲಿ ಸೆರೆಯಲ್ಲಿದ್ದಾಗ ಸಂಗೀತದ ಬಗ್ಗೆ ಬರೆದವರು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ, ಮರುವರ್ಷ ಸಾಹಿತ್ಯ ಅಕಾಡೆಮಿ ಮತ್ತು ಲಲಿತ ಕಲಾ ಅಕಾಡೆಮಿ ಹುಟ್ಟಿದವು. 1955ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ ಬಂತು. ಕನ್ನಡಕ್ಕೆ ಅದು ಮೊದಲನೆಯದು.

ಬುಡದ ಕತೆ ಬೇರೆ. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ನೀಡಲು ಹತ್ತು ವರ್ಷದೊಳಗೆ ಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿ ಹೇಳಿತ್ತು. ಆದರೆ ಅದು ನಿರ್ದೇಶಕ ತತ್ವ. ಪಾಲಿಸದಿದ್ದರೆ ನ್ಯಾಯಾಲಯದಲ್ಲಿ ಕೇಳುವಂತಿರಲಿಲ್ಲ. ಊರೂರಿನ ಶಾಲೆ ರಾಜ್ಯಗಳ ಹೊಣೆಯಾಗಿತ್ತು, ರಾಜ್ಯಗಳ ಬಳಿ ಹಣವಿರಲಿಲ್ಲ. ದೆಹಲಿಯ ಮಂತ್ರಿ ಒಂದು ಐಐಟಿ ಕಟ್ಟಬಹುದಿತ್ತು. ಲಕ್ಷಾಂತರ ಹಳ್ಳಿಗಳಿಗೆ ಮೇಷ್ಟ್ರನ್ನು ಕಳಿಸುವ ಅಧಿಕಾರ ಅವರಿಗಿರಲಿಲ್ಲ. ಗಡುವಿನ 1960 ಕಳೆದುಹೋಯಿತು. 1961ರಲ್ಲೂ ಸಾಕ್ಷರರು ನೂರಕ್ಕೆ ಸುಮಾರು 28.

ಇದನ್ನು ಆಜಾದರ ಸೋಲು ಎಂದು ಬರೆದುಬಿಡುವುದು ಸುಲಭ. ಅವರೊಬ್ಬರದೇ ತಪ್ಪಲ್ಲ, ನಿಜ. ಆದರೂ ಹಣ ಕಡಿಮೆಯಿದ್ದಾಗ ಯಾವುದು ಮೊದಲು ಎಂಬ ಆಯ್ಕೆಯನ್ನು ಆ ತಲೆಮಾರು ಮಾಡಿತು. ಆ ಆಯ್ಕೆಯಿಂದ ನಮಗೆ ಎಂಜಿನಿಯರುಗಳೂ ಸಿಕ್ಕರು, ಶಾಲೆಯ ಮುಖ ಕಾಣದ ಮಕ್ಕಳೂ ಉಳಿದರು. ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ ತಿದ್ದುಪಡಿ ಬಂದದ್ದು 2002ರಲ್ಲಿ; ಅದರ ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್‌ನಲ್ಲಿ. ಹತ್ತು ವರ್ಷದ ಮಾತಿಗೆ ಅರುವತ್ತು ವರ್ಷ ಹಿಡಿಯಿತು.

ಆಜಾದರು ಹುಟ್ಟಿದ ನವೆಂಬರ್ 11 ಈಗ ರಾಷ್ಟ್ರೀಯ ಶಿಕ್ಷಣ ದಿನ. ಆ ದಿನ ಹಿಜ್ಲಿಯ ಕಟ್ಟಡವನ್ನು ನೆನೆಯೋಣ. ಹಾಗೆಯೇ, ನಮ್ಮೂರ ಸರ್ಕಾರಿ ಶಾಲೆಯ ಹಾಜರಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡೋಣ.