ಪ್ಲಾಸ್ಮಾ ಮತ್ತು ಎಲ್‌ಸಿಡಿ: ಮನೆಗೆ ಯಾವ ಟಿವಿ?

ಚಪ್ಪಟೆ ಪರದೆಯ ಟಿವಿಗಳು ನಮ್ಮ ಮನೆಗಳನ್ನು ಪ್ರವೇಶಿಸಿದ 2000ರ ದಶಕದಲ್ಲಿ ಗ್ರಾಹಕರನ್ನು ಕಾಡಿದ ಪ್ರಶ್ನೆ, ಪ್ಲಾಸ್ಮಾವೋ ಎಲ್‌ಸಿಡಿಯೋ ಎಂಬುದು.

ಇವೆರಡರ ಅಂತರವಿರುವುದು ಬೆಳಕಿನ ಮೂಲದಲ್ಲಿ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ಲಾಸ್ಮಾ ತಂತ್ರದಲ್ಲಿ, ಅನಿಲ ತುಂಬಿದ ಸೂಕ್ಷ್ಮ ಕೋಶಗಳು ತಾವೇ ಬೆಳಗುತ್ತವೆ. ಎಲ್‌ಸಿಡಿಯ ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಹಿಂಬದಿಯ ದೀಪದ ಬೆಳಕನ್ನು ಅದು ತಡೆಯುತ್ತದೆ, ಇಲ್ಲವೇ ಹಾಯಗೊಡುತ್ತದೆ. ಆದ್ದರಿಂದಲೇ ಪ್ಲಾಸ್ಮಾದಲ್ಲಿ ಕಪ್ಪು ಗಾಢವಾಗಿತ್ತು. ಪಕ್ಕದಿಂದ ನೋಡಿದರೂ ಬಣ್ಣ ಮಾಸುತ್ತಿರಲಿಲ್ಲ. ಆದರೆ ವಿದ್ಯುತ್ ವೆಚ್ಚವೂ ಬಿಸಿಯೂ ಅಧಿಕ. ಸ್ಥಿರಚಿತ್ರ ಬಹುಕಾಲ ನಿಂತರೆ ಅದರ ಅಚ್ಚು ಪರದೆಯಲ್ಲಿ ಉಳಿಯುತ್ತಿತ್ತು. ಪ್ಯಾನಾಸೋನಿಕ್ 2013ರ ಕೊನೆಗೆ, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ಪ್ಲಾಸ್ಮಾ ತಯಾರಿಕೆಯನ್ನು ಕೈಬಿಟ್ಟವು.

ಆಯ್ಕೆಯ ಪ್ರಶ್ನೆ ಮಾತ್ರ ಉಳಿದಿದೆ. ಅಂಗಡಿಗಳಲ್ಲಿ ‘ಎಲ್‌ಇಡಿ’ ಎನಿಸಿಕೊಳ್ಳುವುದು ವಾಸ್ತವವಾಗಿ ಎಲ್‌ಸಿಡಿಯೇ. ಹಿಂಬದಿಯ ದೀಪವಷ್ಟೇ ಎಲ್‌ಇಡಿ. ಪ್ಲಾಸ್ಮಾದ ಸ್ಥಾನಕ್ಕೆ ಬಂದಿರುವುದು ಒಎಲ್‌ಇಡಿ. ಅದೂ ಸ್ವಯಂಪ್ರಕಾಶಿ, ಬೆಲೆ ಹೆಚ್ಚು. ಅಚ್ಚು ಉಳಿಯುವ ಭಯ ಅದಕ್ಕೂ ಉಂಟು.

ಆದುದರಿಂದ ಬೆಲೆಗಿಂತ ಮೊದಲು ಮನೆಯ ರೂಢಿಯನ್ನು ಗಮನಿಸುವುದು ಒಳಿತು. ಬಿಸಿಲು ತುಂಬುವ ಕೋಣೆಯಲ್ಲಿ ಹಿರಿಯರು ದಿನವಿಡೀ ಕನ್ನಡ ವಾರ್ತಾವಾಹಿನಿ ನೋಡುವುದಾದರೆ ಎಲ್‌ಸಿಡಿಯೇ ಕ್ಷೇಮ. ವಾಹಿನಿಯ ಅಲುಗದ ಲಾಂಛನ, ಸುದ್ದಿಪಟ್ಟಿಗಳಿಂದ ಅದಕ್ಕೆ ಹಾನಿಯ ಸಂಭವ ಕಡಿಮೆ. ರಾತ್ರಿ ದೀಪ ತಗ್ಗಿಸಿ ಚಲನಚಿತ್ರ ನೋಡುವ ಕುಟುಂಬಕ್ಕೆ ಒಎಲ್‌ಇಡಿ ಒಪ್ಪುತ್ತದೆ. ಹಳೆಯ ಪ್ಲಾಸ್ಮಾ ಚೆನ್ನಾಗಿ ನಡೆಯುತ್ತಿದ್ದರೆ ಇರಲಿ. ಪರದೆಯೇ ಕೆಟ್ಟರೆ ದುರಸ್ತಿಗೆ ಹಣ ಸುರಿಯದೆ, ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸುವುದೇ ಲೇಸು.