ಗೆಲ್ಲುವ ವಾದ, ತಿಳಿಯುವ ವಾದ

ಚರ್ಚಾ ಸ್ಪರ್ಧೆ ನಮ್ಮ ಮನೆಗಳಿಗೆ ಹೊಸದಲ್ಲ. ಕಬ್ಬಾಳು, ಸಾತನೂರು ಕಡೆಯಿಂದ ಕನಕಪುರ, ರಾಮನಗರದ ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳಿಗೂ ಅದು ಗೊತ್ತು. ಒಂದು ವಿಷಯ ಕೊಡುತ್ತಾರೆ. ಒಬ್ಬರು ಪರವಾಗಿ, ಇನ್ನೊಬ್ಬರು ವಿರೋಧವಾಗಿ ಮಾತಾಡುತ್ತಾರೆ. ಗೆದ್ದ ಕಾಲೇಜಿಗೆ ಪರ್ಯಾಯ ಪಾರಿತೋಷಕ ಸಿಗುತ್ತದೆ. ಇದರಿಂದ ವೇದಿಕೆಯ ಅಂಜಿಕೆ ಹೋಗುತ್ತದೆ, ಓದುವ ಅಭ್ಯಾಸ ಬೆಳೆಯುತ್ತದೆ. ಆದರೆ ‘ನೀನು ಹೇಳಿದ್ದನ್ನು ನೀನು ನಂಬುತ್ತೀಯಾ?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಯಾವ ಪಕ್ಷ ಪಾಲಿಗೆ ಬಂತೋ ಆ ಪಕ್ಷವನ್ನು ಗೆಲ್ಲಿಸುವುದೇ ಕೆಲಸ.

ಈ ಪದ್ಧತಿಯ ಬೇರು ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿದೆ. ಕೇಂಬ್ರಿಜ್ ಯೂನಿಯನ್ 1815ರಲ್ಲಿ, ಆಕ್ಸ್‌ಫರ್ಡ್ ಯೂನಿಯನ್ 1823ರಲ್ಲಿ ಆರಂಭವಾದವು. ಅಲ್ಲಿಯ ಪಾರ್ಲಿಮೆಂಟಿನ ಹಾಗೆ ಇಲ್ಲಿಯೂ ಎರಡು ಪಕ್ಷ, ಕೊನೆಗೆ ಮತ. 1933ರ ಫೆಬ್ರವರಿ 9ರಂದು ಆಕ್ಸ್‌ಫರ್ಡಿನಲ್ಲಿ, ಯಾವ ಸಂದರ್ಭದಲ್ಲೂ ರಾಜನಿಗಾಗಿ, ದೇಶಕ್ಕಾಗಿ ಯುದ್ಧ ಮಾಡುವುದಿಲ್ಲ ಎಂಬ ನಿರ್ಣಯ 275–153 ಮತಗಳಿಂದ ಅಂಗೀಕಾರವಾಯಿತು. ದೇಶವೇ ಗದ್ದಲವೆದ್ದಿತು. ಆ ವಿದ್ಯಾರ್ಥಿಗಳು ನಿಜವಾಗಿ ಹಾಗೆ ನಂಬಿದ್ದರೋ, ಇಲ್ಲ ಅಂದು ಚೆನ್ನಾಗಿ ಮಾತಾಡಿದವರಿಗೆ ಮತ ಕೊಟ್ಟರೋ? ಪರ-ವಿರೋಧದ ಪದ್ಧತಿಯಲ್ಲಿ ಈ ಸಂಶಯ ಯಾವಾಗಲೂ ಉಳಿಯುತ್ತದೆ.

ಬೇರೊಂದು ದಾರಿಯನ್ನು ತೋರಿಸಿದವರು ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಲೇಡನ್ಸನ್. ಷಿಕಾಗೋದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಅವರು 1993ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ‘ಎಥಿಕ್ಸ್ ಬೌಲ್’ ಎಂಬ ನೈತಿಕ ಚರ್ಚಾ ಸ್ಪರ್ಧೆಯನ್ನು ಆರಂಭಿಸಿದರು. ಮೊದಲು ಅದು ಒಂದೇ ಸಂಸ್ಥೆಯೊಳಗೆ ನಡೆಯಿತು, ಆಮೇಲೆ ಬೇರೆ ಕಾಲೇಜುಗಳೂ ಸೇರಿದವು. 1997ರಲ್ಲಿ ಅನ್ವಯಿಕ ಮತ್ತು ವೃತ್ತಿ ನೀತಿಶಾಸ್ತ್ರದ ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಅದು ರಾಷ್ಟ್ರಮಟ್ಟದ ಸ್ಪರ್ಧೆಯಾಯಿತು. 2012–13ರ ಸಾಲಿನಲ್ಲಿ ಹೈಸ್ಕೂಲು ಮಕ್ಕಳಿಗೂ ರಾಷ್ಟ್ರೀಯ ಸ್ಪರ್ಧೆ ಶುರುವಾಯಿತು.

ಇದರ ನಿಯಮಗಳನ್ನು ಗಮನಿಸಬೇಕು. ಸ್ಪರ್ಧೆಗೆ ಮೊದಲೇ ತಂಡಗಳಿಗೆ ಹಲವು ಪ್ರಕರಣಗಳನ್ನು ಕೊಡುತ್ತಾರೆ. ವೈದ್ಯರ ಮುಂದೆ ಬರುವ ಸಂದಿಗ್ಧ, ವ್ಯಾಪಾರದ ಪ್ರಾಮಾಣಿಕತೆ, ಸ್ನೇಹ, ಕುಟುಂಬ, ಹೀಗೆ ಬಾಳಿನ ನಿಜವಾದ ತೊಡಕುಗಳೇ ಅವು. ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಓದಿ, ಯೋಚಿಸಿ ಬರಬೇಕು. ಇಲ್ಲಿ ಪರ, ವಿರೋಧ ಎಂದು ಯಾರಿಗೂ ಹಂಚುವುದಿಲ್ಲ. ತಮಗೆ ಸರಿ ಎಂದು ಕಂಡದ್ದನ್ನೇ ಪ್ರತಿ ತಂಡ ಹೇಳುತ್ತದೆ. ಎರಡೂ ತಂಡಗಳ ಅಭಿಪ್ರಾಯ ಒಂದೇ ಆಗಿದ್ದರೂ ತಪ್ಪಿಲ್ಲ. ಒಂದು ತಂಡ ಹೇಳಿದ ಮೇಲೆ ಇನ್ನೊಂದು ತಂಡ ಅದರಲ್ಲಿ ಬಿಟ್ಟುಹೋದ ಅಂಶವನ್ನು ಎತ್ತಿ ತೋರಿಸುತ್ತದೆ, ಮೊದಲ ತಂಡ ಉತ್ತರಿಸುತ್ತದೆ, ತೀರ್ಪುಗಾರರು ಪ್ರಶ್ನೆ ಕೇಳುತ್ತಾರೆ. ಮಾತು ಸ್ಪಷ್ಟವಾಗಿತ್ತೇ, ವಿಷಯ ಬಿಟ್ಟು ಅಲೆಯಲಿಲ್ಲವೇ, ಮುಖ್ಯ ನೈತಿಕ ಅಂಶಗಳನ್ನು ಗುರುತಿಸಿದರೇ, ತಮ್ಮದಲ್ಲದ ಅಭಿಪ್ರಾಯವನ್ನೂ ತೂಗಿ ನೋಡಿದರೇ ಎಂಬುದರ ಮೇಲೆ ಅಂಕ. ಎದುರಾಳಿಯ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿಕೊಂಡವನು ಇಲ್ಲಿ ಸೋತಂತಲ್ಲ.

ಕಬ್ಬಾಳಿನವರಿಗೆ ಹತ್ತಿರವೆನಿಸುವ ಒಂದು ಸಂಗತಿಯೂ ಈ ಇತಿಹಾಸದಲ್ಲಿದೆ. ಊರಿನ ಮೇಲೆ ನಿಂತಿರುವ ಕಬ್ಬಾಳದುರ್ಗ ಹಿಂದೆ ಮೈಸೂರು ದೊರೆಗಳ ಸೆರೆಮನೆಯಾಗಿತ್ತು. ಅಲ್ಲಿಗೆ ಹತ್ತಿಸಿದವರ ಮಾತನ್ನು ಕೇಳುವವರಿರಲಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನೊಳಗೆ ಕೈದಿಗಳ ಒಂದು ತಂಡವೂ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೂ ಎದುರುಬದುರು ಕುಳಿತು ಇದೇ ರೀತಿಯ ಚರ್ಚೆ ನಡೆಸಿದವು. ತಪ್ಪು ಮಾಡಿ ಶಿಕ್ಷೆ ಅನುಭವಿಸುತ್ತಿರುವವನಿಗೂ ಸರಿ-ತಪ್ಪಿನ ಬಗ್ಗೆ ಹೇಳಲು ಮಾತಿದೆ, ಅದನ್ನು ಕೇಳಬೇಕು ಎಂಬುದನ್ನು ಆ ಸಭೆ ಒಪ್ಪಿಕೊಂಡಿತು.

ಇದೆಲ್ಲ ಪರದೇಶದ ಹೊಸ ವಿಚಾರವೆಂದು ನಾವು ತಿಳಿಯಬೇಕಿಲ್ಲ. ಇಮಾಮ್ ಗಝಾಲಿ(ರ) 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾ ಮದ್ರಸದ ಗುರುಗಳಾದರು. ವಾಗ್ವಾದದಲ್ಲಿ ಅವರಿಗೆ ದೊಡ್ಡ ಹೆಸರಿತ್ತು. 1095ರಲ್ಲಿ ಆ ಪದವಿಯನ್ನು ಬಿಟ್ಟು ಹೊರಟರು. ಮುಂದೆ ‘ಇಹ್ಯಾ’ದಲ್ಲಿ ಅವರು ಮುನಾಝರಾದ ಶರತ್ತುಗಳನ್ನು ವಿವರಿಸಿದರು. ವಾದಿಸುವವನು ಕಳೆದುಹೋದ ಒಂಟೆಯನ್ನು ಹುಡುಕುವವನಂತಿರಬೇಕು, ಅದು ತನ್ನ ಕೈಗೆ ಸಿಕ್ಕಿದರೂ ಜೊತೆಗಾರನ ಕೈಗೆ ಸಿಕ್ಕಿದರೂ ಒಂದೇ ಸಂತೋಷವಾಗಬೇಕು ಎಂಬುದು ಅವರ ಅಭಿಪ್ರಾಯ. ಗೆಲ್ಲಲೆಂದೇ ವಾದಿಸುವವನಿಗೆ ಅಸೂಯೆ, ಅಹಂಕಾರ, ಹಗೆ, ಪರನಿಂದೆಯ ರೋಗಗಳು ಅಂಟುತ್ತವೆ ಎಂದೂ ಅವರು ಎಚ್ಚರಿಸಿದರು. ನಂತರ 13ನೇ ಶತಮಾನದಲ್ಲಿ ಶಂಸುದ್ದೀನ್ ಸಮರ್ಖಂದಿ ಚರ್ಚೆಯ ಅದಬನ್ನೇ ಒಂದು ಶಾಸ್ತ್ರವಾಗಿ ಬರೆದರು. ನಮ್ಮ ಭಾರತದಲ್ಲಿ 17ನೇ ಶತಮಾನದ ಅಬ್ದುಲ್ ರಶೀದ್ ಜೌನ್‌ಪುರಿಯವರ ‘ರಶೀದಿಯ್ಯಾ’ ದರ್ಸೆ ನಿಝಾಮಿಯ ಪಠ್ಯದಲ್ಲಿ ಸೇರಿತು. ಕೇಳುವವನ ಕರ್ತವ್ಯವೇನು, ಹೇಳುವವನ ಕರ್ತವ್ಯವೇನು ಎಂದು ಈ ಶಾಸ್ತ್ರ ಬೇರೆಬೇರೆಯಾಗಿ ಗೊತ್ತುಮಾಡಿತು. ಗುರಿ ಎದುರಾಳಿಯ ಸೋಲಲ್ಲ, ಸರಿಯಾದುದು ಬೆಳಕಿಗೆ ಬರುವುದು.

ಈಗ ನಮ್ಮ ನೆಲದ ಒಂದು ಪ್ರಶ್ನೆಯನ್ನು ಕಲ್ಪಿಸಿಕೊಳ್ಳೋಣ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಒಬ್ಬ ರೀಲರ್. ಅವನ ಬಳಿ ದುಡಿಯುವ ವಿಧವೆಯೊಬ್ಬಳು ತನ್ನ 13 ವರ್ಷದ ಮಗನನ್ನೂ ಸಂಜೆ ಹೊತ್ತು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ಕೇಳುತ್ತಾಳೆ. ಮನೆ ಬಾಡಿಗೆ ಬಾಕಿಯಿದೆ. 14 ವರ್ಷದೊಳಗಿನ ಮಕ್ಕಳನ್ನು ಹೀಗೆ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು 2016ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಮಾಲೀಕ ‘ಆಗುವುದಿಲ್ಲ’ ಎಂದರೆ ಕಾನೂನು ಉಳಿಯಿತು. ಅವನ ಹೊಣೆ ಅಲ್ಲಿಗೆ ಮುಗಿಯಿತೇ? ತಾಯಿಯ ಕೂಲಿಯೇ ಕಡಿಮೆಯಾಗಿದ್ದರೆ? ಝಕಾತಿನ ಹಣ ಕೈಯಲ್ಲಿರುವ ಜಮಾಅತ್‌ನ ಪಾಲೆಷ್ಟು? ನೆರೆಮನೆಯವರ ಪಾಲೆಷ್ಟು?

ಇದನ್ನು ಪರ-ವಿರೋಧದ ವೇದಿಕೆಗೆ ಕೊಟ್ಟರೆ ಒಬ್ಬರು ಕಾನೂನನ್ನು, ಇನ್ನೊಬ್ಬರು ಬಡತನವನ್ನು ಹಿಡಿದು ಗುದ್ದಾಡುತ್ತಾರೆ. ಚಪ್ಪಾಳೆ ಬೀಳುತ್ತದೆ, ಹುಡುಗನ ಗತಿ ಮಾತ್ರ ಹಾಗೆಯೇ ಉಳಿಯುತ್ತದೆ. ಎಲ್ಲರೂ ಒಂಟೆ ಹುಡುಕುವವರಾಗಿ ಕುಳಿತರೆ, ಹುಡುಗ ಶಾಲೆಯಲ್ಲಿ ಉಳಿಯಬೇಕು, ತಾಯಿಯ ಮನೆ ನಡೆಯಬೇಕು, ಅದಕ್ಕೆ ಯಾರು ಏನು ಕೊಡಬೇಕು ಎಂಬಲ್ಲಿಗೆ ಮಾತು ಬರುತ್ತದೆ.

ನಮ್ಮ ಜಮಾಅತ್ ಸಭೆಗಳಲ್ಲಿ ಲೆಕ್ಕಪತ್ರದ ಒಂದು ಸಾಲಿಗಾಗಿ ವರ್ಷಗಟ್ಟಲೆ ಸಲಾಂ ನಿಂತುಹೋಗುವುದುಂಟು. ಮಸೀದಿಯ ಸಮಿತಿ ಎರಡಾಗುವುದುಂಟು. ಟಿವಿಯ ಚರ್ಚೆಗಳನ್ನು ನೋಡಿ ಮಕ್ಕಳು ಕಲಿಯುವುದೂ ಅರಚಾಟವನ್ನೇ. ಭಿನ್ನಾಭಿಪ್ರಾಯ ಪಾಪವಲ್ಲ, ಅದು ಸಂಬಂಧವನ್ನು ಕಡಿಯುವಂತೆ ಬಿಡುವುದೇ ನಷ್ಟ. ಆದ್ದರಿಂದ ಮುತವಲ್ಲಿಗಳಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ಸಹೋದರ ಸಹೋದರಿಯರಲ್ಲಿ ನಾವು ಕೋರುವುದಿಷ್ಟೆ: ಮುಂದಿನ ಚರ್ಚಾ ಸ್ಪರ್ಧೆಯಲ್ಲಿ ಒಂದು ಸುತ್ತನ್ನಾದರೂ ಹೀಗೆ ನಡೆಸಿ ನೋಡಿ. ಪ್ರಕರಣವನ್ನು ಹದಿನೈದು ದಿನ ಮೊದಲೇ ಕೊಡಿ. ಪಕ್ಷ ಹಂಚಬೇಡಿ. ಹುಡುಗಿಯರನ್ನೂ ಹುಡುಗರಷ್ಟೇ ಕೇಳಿ. ‘ಇವರು ಹೇಳಿದ್ದು ನಮಗೆ ಹೊಳೆದಿರಲಿಲ್ಲ’ ಎಂದು ಮನಸಾರೆ ಹೇಳಿದ ಮಗುವಿಗೆ ಒಂದು ಅಂಕ ಹೆಚ್ಚು ಕೊಡಿ.