ಬಿತ್ತನೆಯ ಹಾಡು, ಹಾಜರಿಯ ಹಾಡು

ಊರ ಹಬ್ಬಕ್ಕೆ ತಮಟೆ ಬೇಕು, ತಮಟೆ ಬಡಿಯೋನು ಮಾತ್ರ ಗುಡಿಯಿಂದಾಚೆ ನಿಲ್ಲಬೇಕು. ಇದು ನಮ್ಮ ಕೇರಿಯ ಕತೆ ಮಾತ್ರ ಅಂದುಕೊಂಡಿದ್ದೆ. ಅಲ್ಲ. ಆಫ್ರಿಕದಿಂದ ಸರಪಳಿ ಬಿಗಿದು ಕ್ಯೂಬಾ, ಪೋರ್ಟೊ ರಿಕೊಗಳ ಕಬ್ಬಿನ ಗದ್ದೆಗೆ ತಂದು ದುಡಿಸಿಕೊಂಡ ಜನರಿಗೂ ಉಳಿದದ್ದು ಚರ್ಮದ ವಾದ್ಯವೊಂದೇ. ಅದರ ಸದ್ದಿಗೂ ಒಡೆಯರು ಹೆದರಿದರು. ಕ್ಯೂಬಾದಲ್ಲಿ ಕರಿಯರ ಡೋಲಿನ ಮೇಲೆ ಮತ್ತೆ ಮತ್ತೆ ನಿರ್ಬಂಧ ಬಿತ್ತು. ಆಮೇಲೆ ಅದೇ ಸದ್ದಿಗೆ ಸೂಟು ಹಾಕಿಕೊಂಡವರು ಕುಣಿದರು.

1898ರಲ್ಲಿ ಅಮೆರಿಕ ಪೋರ್ಟೊ ರಿಕೊವನ್ನು ಸ್ಪೇನಿನಿಂದ ಕಿತ್ತುಕೊಂಡಿತು. 1917ರಲ್ಲಿ ಅಲ್ಲಿನವರಿಗೆ ಪೌರತ್ವ ಕೊಟ್ಟಿತು, ಅನ್ನ ಕೊಡಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಲಕ್ಷಗಟ್ಟಲೆ ಜನ ಕೂಲಿ ಹುಡುಕಿಕೊಂಡು ನ್ಯೂಯಾರ್ಕಿಗೆ ಹೋದರು. ಬ್ರಾಂಕ್ಸಿನ ನಡು ಸೀಳಿ ಹೆದ್ದಾರಿ ಬಂತು, ಸಾವಿರಾರು ಸಂಸಾರ ಎತ್ತಂಗಡಿಯಾದವು. ಎಪ್ಪತ್ತರ ದಶಕದಲ್ಲಿ ದಕ್ಷಿಣ ಬ್ರಾಂಕ್ಸಿನ ಬೀದಿಬೀದಿಯೇ ಉರಿಯಿತು. ವಿಮೆ ಹಣದ ಆಸೆಗೆ ಬೆಂಕಿ ಹಚ್ಚಿಸಿದ ಕಟ್ಟಡದ ಮಾಲೀಕರೂ ಇದ್ದರು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಬಂದು ಆ ಹಾಳುಬೀದಿ ನೋಡಿಹೋದ.

ಆ ಬ್ರಾಂಕ್ಸಿನಲ್ಲೇ 1950ರಲ್ಲಿ ಹುಟ್ಟಿದವನು ವಿಲ್ಲಿ ಕೊಲೋನ್. ಅಜ್ಜಿ ಸಾಕಿದ ಹುಡುಗ, ಹದಿಹರೆಯದಲ್ಲೇ ಟ್ರೊಂಬೋನ್ ಹಿಡಿದು ವಾದ್ಯಮೇಳ ಕಟ್ಟಿದ. ಪನಾಮಾದ ರೂಬೆನ್ ಬ್ಲೇಡ್ಸ್ ಕಾನೂನು ಓದಿದವನು; ನ್ಯೂಯಾರ್ಕಿಗೆ ಬಂದು ಫಾನಿಯಾ ರೆಕಾರ್ಡ್ ಕಂಪನಿಯ ಟಪಾಲು ವಿಭಾಗದಲ್ಲಿ ಕಾಗದ ವಿಂಗಡಿಸುತ್ತಿದ್ದ. ಇವರಿಬ್ಬರೂ ಸೇರಿ 1978ರಲ್ಲಿ ತಂದ ತಟ್ಟೆ 'ಸಿಯೆಂಬ್ರಾ'. ಅಂದರೆ ಬಿತ್ತನೆ.

ಏಳೇ ಹಾಡು. ಈ ಸಂಗೀತಕ್ಕೆ ಸಾಲ್ಸಾ ಅಂತ ಹೆಸರು. ಸ್ಪ್ಯಾನಿಷಿನಲ್ಲಿ ಗೊಜ್ಜು ಅಂತ ಅರ್ಥ. ಕ್ಯೂಬಾದ ತಾಳ, ಪೋರ್ಟೊ ರಿಕೊದ ಮಟ್ಟು, ಕರಿಯರ ಜಾಝ್, ಎಲ್ಲಾ ಅರೆದು ಮಾಡಿದ್ದು. ಮೊದಲ ಹಾಡು 'ಪ್ಲಾಸ್ಟಿಕೊ' ಶುರುವಾಗೋದು ಆ ಕಾಲದ ಡಿಸ್ಕೊ ಸಂಗೀತದಿಂದ. ಕೇಳುವವನು ಮೋಸಹೋಗಬೇಕು, ಆಮೇಲೆ ಡೋಲು ಬಂದು ಆ ಥಳಕನ್ನು ಒದ್ದೋಡಿಸಬೇಕು! ಮತ್ತೊಂದು ಹಾಡು ವೆನೆಜುವೆಲಾದ ಜನರ ದೇವತೆ ಮರಿಯಾ ಲಿಯೋನ್ಸಾಳದು. ನಮ್ಮ ಮಾರಮ್ಮನ ಹಾಗೆ ಅವಳೂ ಶಾಸ್ತ್ರದ ಪುಸ್ತಕದಿಂದ ಇಳಿದವಳಲ್ಲ.

'ಪೆದ್ರೊ ನವಾಹಾ' ಏಳು ನಿಮಿಷ ದಾಟುವ ಕತೆ; ರೇಡಿಯೊದವರಿಗೆ ಬೇಕಿದ್ದದ್ದು ಮೂರು ನಿಮಿಷದ ಹಾಡು. ಒಬ್ಬ ರೌಡಿ, ಒಬ್ಬ ಸೂಳೆ, ಚಾಕು, ಪಿಸ್ತೂಲು. ಇಬ್ಬರೂ ಸಾಯುತ್ತಾರೆ. ಕುಡುಕನೊಬ್ಬ ಬಿದ್ದ ಕಾಸು ಆರಿಸಿಕೊಂಡು ಹಾಡಿಕೊಂಡು ಹೋಗುತ್ತಾನೆ. ಸುತ್ತಲ ಕಿಟಕಿಗಳಿಂದ ಯಾರೂ ಇಣುಕೋದಿಲ್ಲ. ಇದರ ಬೇರು ಬ್ರೆಕ್ಟ್ 1928ರಲ್ಲಿ ಬರ್ಲಿನ್ನಿನ ರಂಗಕ್ಕೆ ತಂದ ನಾಟಕದ ಚಾಕುವಿನವನಲ್ಲಿದೆ. ಆದರೆ ಬೀದಿ ನ್ಯೂಯಾರ್ಕಿನದು, ನಾಲಗೆ ಗುಳೆ ಬಂದವರದು.

ನನಗೆ 'ಪ್ಲಾಸ್ಟಿಕೊ' ಜೊತೆ ಒಂದು ಜಗಳ ಇದೆ. ಅದು ಸಾಲ ಮಾಡಿ ಶೋಕಿ ಮಾಡುವವರನ್ನು ಗೇಲಿ ಮಾಡುತ್ತೆ. ಮಾಡಲಿ. ಆದರೆ ಮೈಮೇಲೆ ಒಳ್ಳೆ ಬಟ್ಟೆ ಹಾಕಿದ್ದಕ್ಕೆ, ಕಾಲಿಗೆ ಮೆಟ್ಟು ಮೆಟ್ಟಿದ್ದಕ್ಕೆ ಏಟು ತಿಂದವರ ಮಕ್ಕಳು ನಾವು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದೇನು? ಜಾತಿ ತೋರಿಸುವ ಉಡುಗೆ ಬಿಡಿ, ನೆಟ್ಟಗೆ ಸೀರೆ ಉಡಿ ಅಂತ. ನಮ್ಮ ಇಸ್ತ್ರಿ ಅಂಗಿ ಶೋಕಿಯಲ್ಲ, ಜವಾಬು. ಸರಳತೆ ಉಪದೇಶ ಮಾಡೋದು ಉಂಡವರಿಗೆ ಸುಲಭ.

ಹೀಗೆ ಸಿಟ್ಟಾಗಿಯೇ ಮತ್ತೆ ಕೇಳಿದೆ. ಆಗ ಕಂಡಿತು: ಆ ಹಾಡಿನ ದಂಪತಿಗಳು ಐದು ವರ್ಷದ ಮಗನಿಗೆ ಬೇರೆ ಬಣ್ಣದ ಮಕ್ಕಳ ಜೊತೆ ಆಡಬೇಡ ಅಂತ ಹೇಳಿಕೊಡುತ್ತಾರೆ. ಗೇಲಿ ಬಟ್ಟೆಯ ಮೇಲಲ್ಲ, ಬಟ್ಟೆಯೊಳಗಿನ ಈ ವಿಷದ ಮೇಲೆ. ಈ ಮಾತನ್ನು ನಾನು ಕೇಳಿಸಿಕೊಂಡಿದ್ದೇನೆ, ಅಚ್ಚ ಕನ್ನಡದಲ್ಲಿ.

ಹಾಡು ಮಾರಿದ್ದು ಕಂಪನಿಯೇ, ನಿಜ. ಲಕ್ಷಾಂತರ ತಟ್ಟೆ ಖರ್ಚಾದವು. ಮಾರಾಟವಾದ ಹಾಡು ಬಂಡಾಯ ಹೇಗಾಗುತ್ತೆ ಅಂತ ಕೇಳುವವರಿದ್ದಾರೆ. ಮುಂದೆ ಬ್ಲೇಡ್ಸ್ ದೊಡ್ಡ ದೇಶ ಸಣ್ಣ ದೇಶಗಳನ್ನು ನುಂಗುವುದನ್ನು 'ತಿಬುರೋನ್' ಅಂತ, ಶಾರ್ಕ್ ಮೀನಿನ ಹೆಸರಲ್ಲಿ, ಹಾಡಿದಾಗ ಮಯಾಮಿಯ ರೇಡಿಯೊಗಳು ಅದನ್ನು ಹಾಕಲು ಒಪ್ಪಲಿಲ್ಲ. ಉಳ್ಳವರಿಗೆ ಎಲ್ಲಿ ಚುಚ್ಚಿತು ಅನ್ನೋದಕ್ಕೆ ಅದೇ ಸಾಕ್ಷಿ. 1994ರಲ್ಲಿ ಅವನು ಪನಾಮಾದ ಅಧ್ಯಕ್ಷ ಸ್ಥಾನಕ್ಕೇ ನಿಂತ, ಸೋತ. ಹಾಡೇ ಕ್ರಾಂತಿ ಅಲ್ಲ. ಅದು ಬೀಜ, ಉಳೋದು ಬೇರೆ ಕೆಲಸ.

'ಪ್ಲಾಸ್ಟಿಕೊ' ಕೊನೆಯಲ್ಲಿ ಲ್ಯಾಟಿನ್ ಅಮೆರಿಕದ ನಾಡುಗಳ ಹೆಸರು ಒಂದೊಂದಾಗಿ ಕೂಗುತ್ತಾರೆ; ಪ್ರತಿ ಹೆಸರಿಗೂ ಗುಂಪು ಓಗೊಡುತ್ತೆ. ನಿಕರಾಗುವಾ ಅನ್ನುವಾಗ ಸೊಮೋಝಾ ಇಲ್ಲದ ನಾಡು ಅಂತಲೇ ಕೂಗುತ್ತಾರೆ. ಆ ಸರ್ವಾಧಿಕಾರಿ ಓಡಿಹೋದದ್ದು 1979ರ ಜುಲೈನಲ್ಲಿ. ಹಾಡು ಅದಕ್ಕಿಂತ ಮುಂಚೆಯೇ ಅವನ ಹೆಸರು ಹೊಡೆದು ಹಾಕಿತ್ತು.

ನಮ್ಮಪ್ಪನ ಹೆಸರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಅವನ ಕೈ ತಮಟೆಯ ಮೇಲಿತ್ತು. ಆ ಹಾಡು ಕೇಳುವಾಗಲೆಲ್ಲ ನನ್ನ ಬಾಯಿಂದ ಅವನ ಹೆಸರು ಬರುತ್ತೆ. ನಾನೇ ಓಗೊಡುತ್ತೇನೆ: ಹಾಜರ್!